ಮಗನಿಗೆ ಪೂರ್ಣ ಸಂಖ್ಯೆಗಳ ಗುಣಗಳನ್ನು ಹೇಗೆ ಹೇಳಿಕೊಡಲಿ?

ಆರನೇ ತರಗತಿಯ ಮಗ ಪರಿವರ್ತನೀಯ, ಸಹವರ್ತನೀಯ, ವಿಭಾಜಕ ಅಂತ ಬಾಯಿಪಾಠ ಒಪ್ಪಿಸುತ್ತಾನೆ, ಹಾಗಂದ್ರೇನು ಅಂದರೆ ಸುಮ್ನೆ ನಿಲ್ಲುತ್ತಾನೆ ಅಂತ ಬರೆದಿದ್ದೀರಿ. ನಾನು ಸಂಜೆ ಹೊತ್ತು ಅಕ್ಕಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಹೆಸರು ಆಮೇಲೆ ಬರಲಿ, ಮೊದಲು ಎರಡು ಹಿಡಿ ಹುಣಸೆ ಬೀಜ ತನ್ನಿ.

ಒಂದು ರಟ್ಟಿನ ಮೇಲೆ ಸಾಲಿಗೆ 12ರಂತೆ 7 ಸಾಲು ಜೋಡಿಸಲಿ. ಈಗ ರಟ್ಟನ್ನು ಕಾಲು ಸುತ್ತು ತಿರುಗಿಸಿ. ಸಾಲಿಗೆ 7ರಂತೆ 12 ಸಾಲು ಆಯ್ತು. ಒಂದು ಬೀಜವನ್ನೂ ಯಾರೂ ಮುಟ್ಟಿಲ್ಲ. ಆಗಲೂ 84, ಈಗಲೂ 84. ಪರಿವರ್ತನೀಯ ಗುಣ ಅಂದ್ರೆ ಇಷ್ಟೇ. ಕೂಡುವುದಕ್ಕೂ ಇದು ಉಂಟು, ಕಳೆಯುವುದಕ್ಕೆ ಇಲ್ಲ. 7ರಲ್ಲಿ 3 ಕಳೆದರೆ 4. 3ರಲ್ಲಿ 7 ಕಳೆಯಲು ಹೋದರೆ ಪೂರ್ಣ ಸಂಖ್ಯೆಗಳಲ್ಲಿ, ಅಂದ್ರೆ 0, 1, 2, 3 ಹೀಗೆ ಹೋಗುವ ಸಂಖ್ಯೆಗಳಲ್ಲಿ, ಉತ್ತರವೇ ಸಿಗುವುದಿಲ್ಲ.

ರಟ್ಟನ್ನು ಮೊದಲಿನ ಹಾಗೆ ಇಟ್ಟು, ಪ್ರತಿ ಸಾಲಲ್ಲೂ ಹತ್ತು ಬೀಜ ಆದ ಕಡೆ ಮೇಲಿಂದ ಕೆಳಗೆ ಒಂದು ಪೊರಕೆ ಕಡ್ಡಿ ಇಡಿ. ಎಡಕ್ಕೆ 70, ಬಲಕ್ಕೆ 14, ಕೂಡಿದರೆ ಅದೇ 84. 12ನ್ನು 10 ಮತ್ತು 2 ಅಂತ ಒಡೆದು, ಬೇರೆಬೇರೆ ಗುಣಿಸಿ ಕೂಡಿದ ಹಾಗಾಯ್ತು. ಇದು ವಿಭಾಜಕ ಗುಣ. ಜಾಸ್ತಿ ಹೊತ್ತು ಕೊಡಬೇಕಾದ್ದು ಇದಕ್ಕೇ ಅಂತ ನನ್ನ ಅನಿಸಿಕೆ. ಯಾಕಂದ್ರೆ ಕೂಡುವುದಕ್ಕೂ ಗುಣಿಸುವುದಕ್ಕೂ ಗಂಟು ಹಾಕುವ ಗುಣ ಈ ಮೂರರಲ್ಲಿ ಇದೊಂದೇ. 135ನ್ನು 12ರಿಂದ ಗುಣಿಸುವಾಗ ಎರಡನೇ ಸಾಲಿನ ಬಿಡಿ ಸ್ಥಾನಕ್ಕೆ ಸೊನ್ನೆ ಹಾಕಿ ಶುರು ಮಾಡುತ್ತೇವೆ ಅಲ್ವಾ? ಮೊದಲ ಸಾಲು 135ರ ಎರಡರಷ್ಟು, 270. ಎರಡನೆಯದು ಹತ್ತರಷ್ಟು, 1350. ಆ ಸೊನ್ನೆ ಎಲ್ಲಿಂದ ಬಂತು ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕು ನೀವು!

135, 12 ಈ ಎರಡು ಸಂಖ್ಯೆ ನಾನು ಆರಿಸಿದ್ದಲ್ಲ. 1150ರ ಸುಮಾರಿಗೆ ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ಗುಣಾಕಾರಕ್ಕೆ ಕೊಟ್ಟ ಲೆಕ್ಕವೇ ಇದು. 12ನ್ನು 8 ಮತ್ತು 4 ಅಂತ ಒಡೆದು, 1080ಕ್ಕೆ 540 ಕೂಡಿಸಿದರು. ನಾಲ್ಕು ಮೂರಲೆ ಹನ್ನೆರಡು ತಾನೇ, ಹಾಗಾಗಿ ಮೊದಲು 4ರಿಂದ ಗುಣಿಸಿ, ಬಂದದ್ದನ್ನು 3ರಿಂದ ಗುಣಿಸಿಯೂ ತೋರಿಸಿದರು. ಮೂರು ಸಂಖ್ಯೆ ಗುಣಿಸುವಾಗ ಯಾವ ಜೋಡಿಯನ್ನು ಮೊದಲು ಗುಣಿಸಿದರೂ ಉತ್ತರ ಒಂದೇ, ಅದು ಸಹವರ್ತನೀಯ ಗುಣ. ಇನ್ನೊಂದು ದಾರಿಯಲ್ಲಿ 20ರಿಂದ ಗುಣಿಸಿ 2700 ಮಾಡಿ, ಜಾಸ್ತಿಯಾದ 8ರ ಪಾಲು 1080 ಕಳೆದರು. ಯಾವ ದಾರಿ ಹಿಡಿದರೂ 1620. ನಿಮ್ಮ ಮಗ ಇವನ್ನೆಲ್ಲ ತಾನೇ ಮಾಡಿ ನೋಡಲಿ.

ಆಮೇಲೆ ಒಂದು ದಿನ ಅಂಗಡಿಗೆ ಹೋದಾಗ, 99 ರೂಪಾಯಿಯ ಆರು ಪ್ಯಾಕೆಟ್‌ಗೆ ಎಷ್ಟಾಯ್ತು ಅಂತ ಕೇಳಿ. 600ರಲ್ಲಿ 6 ಕಳೆದು 594 ಅಂದನೋ, ಆಗ ಹೇಳಿ, ನೀನು ಈಗ ಮಾಡಿದ್ದೇ ವಿಭಾಜಕ ಗುಣ ಕಣೋ ಅಂತ.