ಡ್ಯಾಮಿನ ಹಾಡು ಮೊದಲೋ, ಪ್ರೇಮದ ಹಾಡು ಮೊದಲೋ?

ಪ್ರಶ್ನೆ: ಸರ್, ನಾವು ನಾಲ್ಕು ಜನ ಹುಡುಗರು ಹಾರ್ಡ್ ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಎರಡು ಹಾಡು ತಯಾರಿವೆ. ಒಂದು ಪ್ರೇಮದ ಹಾಡು, ಅದಕ್ಕೆ ಆರು ತಿಂಗಳು ಒದ್ದಾಡಿದ್ದೇವೆ. ಇನ್ನೊಂದು 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದದ್ದರ ಬಗ್ಗೆ, ಎರಡೇ ದಿನದಲ್ಲಿ ಆದದ್ದು. ನಮ್ಮ ಡ್ರಮ್ಮರ್‌ನ ಅಪ್ಪ ಅವತ್ತು ಬೆಳತನಕ ಕೇಳುತ್ತಿದ್ದ ಮಾತೇ ಅದರ ಪಲ್ಲವಿ: 'ಹಚ್ಚಿದ ನೆಲ್ಲು ಉಳಿತದೋ ಇಲ್ಲೋ?' ಇದು ಹೊರಗಿನವರಿಗೆ ತಿಳಿಯಲ್ಲ ಅಂತ ನಮ್ಮ ಗಿಟಾರ್‌ನವನ ವಾದ. ಯಾವುದನ್ನು ಮೊದಲು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಬಿಡುಗಡೆ ಮಾಡಬೇಕು?
– ಓದುಗ, ಗಂಗಾವತಿ

ಉತ್ತರ: ತಮ್ಮಾ, ಡ್ಯಾಮಿನ ಹಾಡನ್ನೇ ಮೊದಲು ಬಿಡುಗಡೆ ಮಾಡಿ. ಯಾಕೆ ಅಂತ ನಿಮ್ಮ ಗಿಟಾರ್‌ನವನಿಗೆ ಈ ಕತೆ ಹೇಳು.

1971ರ ಡಿಸೆಂಬರ್‌ನಲ್ಲಿ ಡೀಪ್ ಪರ್ಪಲ್ ಎಂಬ ಇಂಗ್ಲೆಂಡಿನ ಬ್ಯಾಂಡ್ ಸ್ವಿಟ್ಜರ್ಲೆಂಡಿನ ಮಾಂಟ್ರೊ ಊರಿಗೆ ಹೋಗಿತ್ತು. ಅಲ್ಲಿನ ಕ್ಯಾಸಿನೊದಲ್ಲಿ ಆಲ್ಬಂ ರೆಕಾರ್ಡ್ ಮಾಡಬೇಕಿತ್ತು. ಡಿಸೆಂಬರ್ 4ರಂದು ಅಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರ್ಯಾಂಕ್ ಜಪ್ಪಾನ ಕಛೇರಿ ನಡೆಯುವಾಗ ಯಾರೋ ಒಬ್ಬ ಚಾವಣಿಯತ್ತ ಫ್ಲೇರ್ ಗನ್, ಅಂದರೆ ಉರಿಯುವ ಸಂಕೇತದ ಮದ್ದು ಹಾರಿಸುವ ಪಿಸ್ತೂಲು, ಹಾರಿಸಿದ. ಇಡೀ ಕಟ್ಟಡ ಉರಿದುಹೋಯಿತು. ಜಿನೀವಾ ಸರೋವರದ ಮೇಲೆ ಹೊಗೆ ಹಾಸಿಕೊಂಡದ್ದನ್ನು ಬ್ಯಾಂಡಿನವರು ಕಣ್ಣಾರೆ ಕಂಡರು. 'ಸ್ಮೋಕ್ ಆನ್ ದ ವಾಟರ್', ನೀರಿನ ಮೇಲೆ ಹೊಗೆ ಎಂದು ಅವರ ಹಾಡಿಗೆ ಹೆಸರು ಬಂದದ್ದು ಅಲ್ಲಿಂದ.

ಜಾಗ ಸುಟ್ಟಮೇಲೆ ಊರೊಳಗಿನ ಒಂದು ಥಿಯೇಟರ್ ಹಿಡಿದರು. ಅಕ್ಕಪಕ್ಕದವರು ಸದ್ದು ತಾಳಲಾರದೆ ದೂರು ಕೊಟ್ಟರು, ಪೊಲೀಸರು ಬಂದರು. ಒಳಗೆ ಟೇಕ್ ಮುಗಿಯುವವರೆಗೆ ಇವರ ಕಡೆಯವರು ಬಾಗಿಲು ಒತ್ತಿಹಿಡಿದಿದ್ದರಂತೆ. ಅಷ್ಟರಲ್ಲಿ ದಕ್ಕಿದ್ದು ಈ ಹಾಡಿನ ವಾದ್ಯದ ಭಾಗವೊಂದೇ. ಹೆಸರೂ ಇರಲಿಲ್ಲ, 'ಟೈಟಲ್ ನಂಬರ್ 1' ಅಂತಿದ್ದರು. ಸಾಹಿತ್ಯ ಆಮೇಲಿನದು. ಉಳಿದ ಕೆಲಸ ಚಳಿಗಾಲಕ್ಕೆ ಮುಚ್ಚಿದ್ದ ಹೋಟೆಲೊಂದರಲ್ಲಿ ಆಯಿತು. ಕಾರಿಡಾರಿನಲ್ಲಿ ಹಾಸಿಗೆಗಳನ್ನು ನಿಲ್ಲಿಸಿ ಸದ್ದು ತಡೆದರು, ಹೊರಗೆ ನಿಂತ ಲಾರಿಯೇ ಸ್ಟುಡಿಯೋ. ನಿಮಗೆ ಒಳ್ಳೆಯ ರೂಮಿಲ್ಲ ಅನ್ನೋ ಚಿಂತೆಯಿದ್ದರೆ ಅದನ್ನು ಈಗಲೇ ಬಿಡಿ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಸಿಂಗಲ್ ಆಗಿ ಓಡುತ್ತದೆ ಅಂತ ಅವರು ನಂಬಿದ್ದು ಇದನ್ನಲ್ಲ, 'ನೆವರ್ ಬಿಫೋರ್' ಎಂಬ ಬೇರೆ ಹಾಡನ್ನು. 1972ರಲ್ಲಿ ಅದನ್ನೇ ಮೊದಲು ಬಿಟ್ಟರು. ಇಂಗ್ಲೆಂಡಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 35ನೇ ಸ್ಥಾನಕ್ಕಿಂತ ಮೇಲೆ ಏರಲಿಲ್ಲ. ಹೊಗೆಯ ಹಾಡು ಆಲ್ಬಮ್ಮಿನೊಳಗೇ ಉಳಿಯಿತು. ಆದರೆ ಕಛೇರಿಗಳಲ್ಲಿ ಜನ ಅದಕ್ಕೇ ಏಳುತ್ತಿದ್ದರು. ಆ ಆಗಸ್ಟ್‌ನಲ್ಲಿ ಜಪಾನಿನಲ್ಲಿ ನುಡಿಸಿದ್ದು ಲೈವ್ ಆಲ್ಬಂ ಆಗಿ ಬಂತು. ಕೊನೆಗೆ 1973ರಲ್ಲಿ ಹಾಡನ್ನು ಕತ್ತರಿಸಿ ಚಿಕ್ಕದು ಮಾಡಿ ಅಮೆರಿಕದಲ್ಲಿ ಸಿಂಗಲ್ ಬಿಟ್ಟಾಗ ಅಲ್ಲಿನ ಪಟ್ಟಿಯಲ್ಲಿ 4ನೇ ಸ್ಥಾನ ಸಿಕ್ಕಿತು.

ನಾನು ಅದನ್ನು ಮೊದಲು ಕೇಳಿದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಗೆಳೆಯನ ಕೋಣೆಯಲ್ಲಿ, ಕಾಪಿ ಮಾಡಿದ ಕ್ಯಾಸೆಟ್ಟಿನಿಂದ. ಮಾಂಟ್ರೊ ಎಲ್ಲಿದೆ ಅಂತ ಗೊತ್ತಿರಲಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ. ನಾನು ನಾಟಕಕ್ಕೆ ಹಾರ್ಮೋನಿಯಂ ನುಡಿಸುವವ. ಮನೆಗೆ ಬಂದು ಪೆಟ್ಟಿಗೆ ತೆಗೆದೆ, ಹಾಡಿನ ಶುರುವಿನ ಗಿಟಾರ್ ಸಾಲು ಹುಡುಕಿದೆ. ಸ ಗ ಮ. ಸ ಗ ತೀವ್ರ ಮ, ಶುದ್ಧ ಮ. ಸ ಗ ಮ, ಗ ಸ. ಗಾಂಧಾರ ಕೋಮಲ. ಅಷ್ಟೇ! ಎರಡೂ ಮಧ್ಯಮ ಒಂದರ ಪಕ್ಕ ಒಂದು ಉಜ್ಜಿಕೊಂಡು ಹೋಗುವಲ್ಲಿ ಮೈ ಜುಮ್ಮೆನ್ನುತ್ತಿತ್ತು. ಆದರೂ ಕ್ಯಾಸೆಟ್ಟಿನ ಬಿಗಿ ಬರಲಿಲ್ಲ. ಪ್ರತಿ ಸ್ವರದ ಕೆಳಗೆ ಇನ್ನೊಂದು ಸ್ವರ ಇದೆ, ಸಾ ಜೊತೆಗೆ ಮಂದ್ರ ಪ, ಅಂತ ಹೊಳೆದದ್ದು ವಾರದ ಮೇಲೆ. ಗೆಳೆಯ ಗಿಟಾರಿನಲ್ಲಿ ಪಿಕ್, ಅಂದರೆ ತಂತಿ ಮೀಟುವ ಬಿಲ್ಲೆ, ಹಿಡಿದು ನುಡಿಸುತ್ತಿದ್ದ, ಒಂದು ತಂತಿಯ ಹಿಂದೆ ಇನ್ನೊಂದು ಕೇಳುತ್ತಿತ್ತು. ಆ ಹಾಡಿಗೆ ಗಿಟಾರ್ ನುಡಿಸಿದ ರಿಚಿ ಬ್ಲ್ಯಾಕ್‌ಮೋರ್ ಅದನ್ನು ಬೆರಳಿನಿಂದ ಮೀಟುತ್ತಾರೆ, ಎರಡು ತಂತಿ ಒಂದೇ ಏಟಿಗೆ ನುಡಿಯುತ್ತವೆ. ಗೆಳೆಯ ಪಿಕ್ ಕೆಳಗಿಟ್ಟು ಮೀಟಿದಾಗ ಇಬ್ಬರೂ ಕೂಗಿಬಿಟ್ಟೆವು. ನಿಮ್ಮ ಗಿಟಾರ್‌ನವನೂ ಇದನ್ನು ಒಮ್ಮೆ ಮಾಡಿ ನೋಡಲಿ.

ಯಾವುದೋ ದೇಶದ ಒಂದು ಕಟ್ಟಡ ಸುಟ್ಟ ಸುದ್ದಿ ಬಳ್ಳಾರಿಯ ನನಗೆ ತಾಕಿತಲ್ಲ, 33 ಗೇಟಿನ ಡ್ಯಾಮಿನಲ್ಲಿ ಒಂದು ಗೇಟಿನ ಚೈನ್ ಕಡಿದು ನೀರು ನುಗ್ಗಿದ್ದು ಹೊರಗಿನವರಿಗೆ ಯಾಕೆ ತಾಕಬಾರದು? ನಮ್ಮ ಕಡೆಯ ನಾಲ್ಕೂ ಜಿಲ್ಲೆ ಅವತ್ತು ನಿದ್ದೆ ಮಾಡಲಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟ್ ಇಳಿಸುವವರೆಗೂ ಒಂದು ವಾರ ಎಲ್ಲರ ಬಾಯಲ್ಲೂ ಅದೇ ಮಾತು. ಪಲ್ಲವಿಗೆ ವಿವರಣೆ ಸೇರಿಸಲು ಹೋಗಬೇಡಿ. 'ಹಚ್ಚಿದ ನೆಲ್ಲು' ಎಂಬುದನ್ನು 'ನೆಟ್ಟ ಪೈರು' ಅಂತ ತಿದ್ದಲೂಬೇಡಿ.

ಪ್ರೇಮದ ಹಾಡು ಎರಡನೆಯದಾಗಿ ಬರಲಿ, ಆರು ತಿಂಗಳ ದುಡಿಮೆ ಎಲ್ಲಿಗೂ ಹೋಗಲ್ಲ. ಬಿಡುವ ಮುಂಚೆ ಗಣಪತಿ ಪೆಂಡಾಲಿನಲ್ಲಿ ಒಮ್ಮೆ ಡ್ಯಾಮಿನ ಹಾಡು ನುಡಿಸಿ, ಜನರ ಸದ್ದಿನ ಸಮೇತ ರೆಕಾರ್ಡ್ ಮಾಡಿಕೊಳ್ಳಿ. ಡ್ರಮ್ಮರ್‌ನ ಅಪ್ಪನನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ. ಆ ಮಾತು ಅವರದು. ಸಾಹಿತ್ಯ ಅಂತ ಹಾಕುವ ಕಡೆ ಅವರ ಹೆಸರೂ ಇರಲಿ.