ಕ್ಯಾಥೊಲಿಕರೂ ದೇಶ ಬಿಟ್ಟಿದ್ದರು

ಪ್ರಶ್ನೆ: ಕ್ಯಾಥೊಲಿಕ್ ರಾಜರ ಕಾಟ ತಾಳಲಾರದೆ ಪ್ರೊಟೆಸ್ಟೆಂಟರು ಫ್ರಾನ್ಸ್ ಬಿಟ್ಟು ಹೋದರು ಅಂತ ಓದಿದ್ದೇನೆ. ಇದರ ಉಲ್ಟಾ ನಡೆದಿಲ್ಲವೇ? ನಡೆದಿದ್ದರೆ ಅವರು ಹೋದದ್ದೆಲ್ಲಿಗೆ, ಹೊಟ್ಟೆಪಾಡಿಗೆ ಏನು ಮಾಡಿದರು?
– ಓದುಗರೊಬ್ಬರು, ಶಿರಸಿ

ಉತ್ತರ: ನಡೆದಿದೆ, ಜೋರಾಗಿಯೇ ನಡೆದಿದೆ. ಇಂಗ್ಲೆಂಡನ್ನೇ ನೋಡಿ. 1558ರಲ್ಲಿ ಒಂದನೇ ಎಲಿಜಬೆತ್ ಪಟ್ಟಕ್ಕೆ ಬಂದಳು, ಮರುವರ್ಷವೇ ದೇಶದ ಚರ್ಚು ಮತ್ತೆ ಪ್ರೊಟೆಸ್ಟೆಂಟ್ ಆಯಿತು. ಭಾನುವಾರ ಆ ಚರ್ಚಿಗೆ ಹೋಗದವರಿಗೆ ಮೊದಲು 12 ಪೆನ್ನಿ ದಂಡ ಇತ್ತು. 1581ರಲ್ಲಿ ಅದನ್ನು ತಿಂಗಳಿಗೆ 20 ಪೌಂಡ್ ಮಾಡಿದರು. ಕೂಲಿಯವನು ವರ್ಷವಿಡೀ ದುಡಿದರೂ ಅಷ್ಟು ಸಿಗುತ್ತಿರಲಿಲ್ಲ! ಹಾಗಂತ ಎಲ್ಲರೂ ಹಡಗು ಹತ್ತಲಿಲ್ಲ. ಬಡವರು ಹೋಗುವುದಾದರೂ ಎಲ್ಲಿಗೆ? ಹೋದವರಲ್ಲಿ ಆಕ್ಸ್‌ಫರ್ಡಿನ ಮೇಷ್ಟ್ರುಗಳು, ಪಾದ್ರಿಗಳು, ಸನ್ಯಾಸಿನಿಯರು, ನಾಲ್ಕು ಕಾಸಿದ್ದ ಮನೆತನದವರೇ ಜಾಸ್ತಿ.

ದೂರವೇನೂ ಹೋಗಲಿಲ್ಲ. ಕಡಲು ದಾಟಿದರೆ ಆಚೆ ದಡದಲ್ಲೇ ಸ್ಪೇನಿನ ರಾಜನ ಆಳ್ವಿಕೆಯಲ್ಲಿದ್ದ ಲೂವೆನ್, ಆಂಟ್ವರ್ಪ್, ದುವೇ ಊರುಗಳು (ಈಗಿನ ಬೆಲ್ಜಿಯಂ, ಉತ್ತರ ಫ್ರಾನ್ಸಿನವು). ಕ್ಯಾಥೊಲಿಕಳಾಗಿದ್ದ ಹಿಂದಿನ ರಾಣಿ ಮೇರಿಯ ಕಾಲದಲ್ಲಿ ಓಡಿಹೋಗಿದ್ದ ಪ್ರೊಟೆಸ್ಟೆಂಟರು ಐದಾರು ವರ್ಷದಲ್ಲೇ ವಾಪಸ್ ಬಂದಿದ್ದರಲ್ವಾ, ಹಾಗೇ ನಾವೂ ಬೇಗ ಮರಳಬಹುದು ಅಂತ ಇವರಿಗೆ ಆಸೆ ಇದ್ದರೆ ತಪ್ಪೇನಿಲ್ಲ. ಆದರೆ ಎಲಿಜಬೆತ್ ಆಳಿದ್ದು 44 ವರ್ಷ! ಆ ಹೊತ್ತಿಗೆ ಹೊರಗೇ ಒಂದು ಪುಟ್ಟ ಇಂಗ್ಲೆಂಡ್ ಬೆಳೆದಿತ್ತು. 1568ರಲ್ಲಿ, ಹೀಗೇ ದೇಶ ಬಿಟ್ಟಿದ್ದ ವಿಲಿಯಂ ಆಲನ್ ದುವೇಯಲ್ಲಿ ಕಾಲೇಜು ತೆರೆದರು. ಅಲ್ಲಿ ಓದಿ ಪಾದ್ರಿಯಾದವರು ವೇಷ ಮರೆಸಿಕೊಂಡು ಊರಿಗೆ ಮರಳಿ, ಕ್ಯಾಥೊಲಿಕ್ ಮನೆಗಳಲ್ಲಿ ಬಚ್ಚಿಟ್ಟುಕೊಂಡು ಪೂಜೆ ನಡೆಸುತ್ತಿದ್ದರು. ಅವರಲ್ಲಿ ಮೊದಲು ಗಲ್ಲಿಗೇರಿದ್ದು ಕತ್ಬರ್ಟ್ ಮೇಯ್ನ್, 1577ರಲ್ಲಿ. 1585ರ ಕಾನೂನಿನ ಪ್ರಕಾರವಂತೂ ಅಂಥ ಪಾದ್ರಿ ಇಂಗ್ಲೆಂಡಿಗೆ ಕಾಲಿಟ್ಟರೆ ಅದೇ ರಾಜದ್ರೋಹ, ಆಸರೆ ಕೊಟ್ಟವರಿಗೂ ಮರಣದಂಡನೆ.

ಇನ್ನು ಹೊಟ್ಟೆಪಾಡು. ಸ್ಪೇನಿನ ರಾಜ ಪಿಂಚಣಿ ಕೊಡುತ್ತಿದ್ದ, ಆದರೆ ಅದು ಹೊತ್ತಿಗೆ ಸರಿಯಾಗಿ ಕೈಸೇರಿದ್ದು ಕಡಿಮೆ. ನನ್ನ ಪ್ರಕಾರ ಇವರ ದೊಡ್ಡ ತೊಡಕೇ ಈ ದುಡ್ಡು. ನಮ್ಮದು ಬರೀ ಧರ್ಮದ ವಿಷಯ, ರಾಣಿಗೆ ನಾವು ಶತ್ರುಗಳಲ್ಲ ಅಂತ ಎಷ್ಟು ಹೇಳಿದರೂ, ಅನ್ನ ಕೊಡುವವನು ರಾಣಿಯ ಶತ್ರು ಆಗಿರುವಾಗ ನಂಬುವವರು ಯಾರು? ಸಾಲದ್ದಕ್ಕೆ 1588ರಲ್ಲಿ ಸ್ಪೇನಿನ ನೌಕಾಪಡೆ ಇಂಗ್ಲೆಂಡಿನ ಮೇಲೆ ಹೊರಟಾಗ, ಅಷ್ಟರಲ್ಲಿ ಕಾರ್ಡಿನಲ್ (ಪೋಪನ ನಂತರದ ದೊಡ್ಡ ಪದವಿ) ಆಗಿದ್ದ ಆಲನ್ ಅದರ ಪರವಾಗಿಯೇ ಬರೆದರು. ಅದರ ಪೆಟ್ಟು ಬಿದ್ದದ್ದು ಊರಲ್ಲಿ ಸುಮ್ನೆ ತಮ್ಮ ಪಾಡಿಗಿದ್ದ ಕ್ಯಾಥೊಲಿಕರ ಮೇಲೆ.

ಇಂಗ್ಲೆಂಡಿನ ಸಯನ್ ಮಠದ ಸನ್ಯಾಸಿನಿಯರದು ಇನ್ನೂ ಕಷ್ಟದ ಪಾಡು. ಮೊದಲು ಹೋಗಿದ್ದ, ಕಡಲಾಚೆಯ ಸ್ಪೇನ್ ಆಳ್ವಿಕೆಯ ಫ್ಲಾಂಡರ್ಸ್ ಸೀಮೆಯಲ್ಲೂ ಗಲಭೆಯಾಗಿ ಫ್ರಾನ್ಸಿನ ರುವಾನ್‌ಗೆ, ಅಲ್ಲಿಂದ 1594ರಲ್ಲಿ ಲಿಸ್ಬನ್‌ಗೆ ಹೋದರು. ಆ ಮಠ ಇಂಗ್ಲೆಂಡಿಗೆ ಮರಳಿದ್ದು 1861ರಲ್ಲಿ!

ಅಂದಹಾಗೆ, ಹೀಗೆ ದೇಶ ಬಿಟ್ಟವರಲ್ಲಿ ಒಬ್ಬರು ನಮ್ಮ ಕರಾವಳಿಗೂ ಬಂದರು. ರೋಮಿನಲ್ಲಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘ ಸೇರಿದ್ದ ಥಾಮಸ್ ಸ್ಟೀಫನ್ಸ್ 1579ರಲ್ಲಿ ಗೋವಾ ತಲುಪಿದರು, ಮರಾಠಿಯಲ್ಲಿ ಕ್ರಿಸ್ತಪುರಾಣ ಬರೆದು 1616ರಲ್ಲಿ ಅಚ್ಚು ಹಾಕಿಸಿದರು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರೂ ಅದನ್ನು ಓದುತ್ತಿದ್ದರು. 1907ರಲ್ಲಿ ಅದು ಮತ್ತೆ ಅಚ್ಚಾದದ್ದೂ ಮಂಗಳೂರಿನಲ್ಲೇ.