ಗುಡ್ಡದ ಹಿಂದಿಂದ ಬೀಳೋ ಮಿಸೈಲು

ಪ್ರಶ್ನೆ: ಅಣ್ಣಾ, ನಾವು ನಾಲ್ಕು ಜನ ರಾತ್ರಿ ಮೆಕ್‌ವಾರಿಯರ್ ಆನ್‌ಲೈನ್ ಅನ್ನೋ ದೈತ್ಯ ರೋಬೋಗಳ ಯುದ್ಧದ ಗೇಮ್ ಆಡ್ತೀವಿ. ಎದುರಿನವನು ಗುಡ್ಡದ ಹಿಂದೆ ನಿಂತ್ಕೊಂಡೇ ಎಲ್‌ಆರ್‌ಎಂ, ಅಂದ್ರೆ ದೂರ ಹೋಗೋ ಮಿಸೈಲ್ ಸುರೀತಾನೆ, ನಮಗವನು ಕಾಣ್ಸೋದೇ ಇಲ್ಲ. ಗೇಮ್ ಮಾಡಿದವರು ಅದರ ಡ್ಯಾಮೇಜ್ ಕಮ್ಮಿ ಮಾಡ್ಬೇಕಲ್ವಾ?
- ಓದುಗ, ಡೊಂಬಿವ್ಲಿ

ಉತ್ತರ: ಸಿಟ್ಟು ಬರೋದು ಸಹಜ ತಮ್ಮಾ, ಆದ್ರೆ ಡ್ಯಾಮೇಜ್ ಇಳಿಸಿದ್ರೆ ಅದನ್ನ ಯಾರೂ ಹಾಕ್ಕೊಳ್ಳಲ್ಲ, ವೆಪನ್ನೇ ಸತ್ತೋಗುತ್ತೆ. ಕಡಿವಾಣ ಬೇರೆ ಕಡೆ ಇದೆ. ಈ ಗೇಮಿಗೆ ಮೂಲವಾದ 1980ರ ದಶಕದ ಬ್ಯಾಟಲ್‌ಟೆಕ್ ಬೋರ್ಡ್ ಗೇಮಲ್ಲೇ ಇದಕ್ಕೆ 21 ಹೆಕ್ಸ್ (ಬೋರ್ಡಿನ ಆರು ಮೂಲೆಯ ಮನೆ) ದೂರ ಕೊಟ್ಟು, 6 ಹೆಕ್ಸ್ ಒಳಗೆ ಗುರಿ ತಪ್ಪೋ ಸಾಧ್ಯತೆ ಹೆಚ್ಚೋ ಹಾಗೆ ಇಟ್ಟಿದ್ರು, ಹೆಕ್ಸಿಗೆ 30 ಮೀಟರ್ ಲೆಕ್ಕದಲ್ಲಿ ಅದು 180 ಮೀಟರ್. ನೀವಾಡೋದ್ರಲ್ಲೂ ಇನ್ನರ್ ಸ್ಫಿಯರ್ ಅನ್ನೋ ಬಣದ ಎಲ್‌ಆರ್‌ಎಂ 180 ಮೀಟರ್ ಒಳಗೆ ಏನೂ ಮಾಡಲ್ಲ, ನುಗ್ಗಿ ಹತ್ರ ಹೋಗಿ. ಮುಖ್ಯವಾಗಿ, ಅವನಿಗೆ ನಿಮ್ಮನ್ನ ತೋರಿಸ್ತಿರೋ ಇನ್ನೊಬ್ಬ ಎಲ್ಲೋ ಇರ್ತಾನೆ, ಮೊದ್ಲು ಅವನನ್ನ ಹೊಡೀರಿ, ಮಿಸೈಲು ನಿಮ್ಮ ಮೇಲೆ ಹಿಡಿದಿರೋ ಗುರಿ (ಲಾಕ್) ಹೋಗುತ್ತೆ. ನಾಲ್ವರಲ್ಲಿ ಇಬ್ಬರಾದ್ರೂ ಎಎಂಎಸ್ (ಆ್ಯಂಟಿ-ಮಿಸೈಲ್ ಸಿಸ್ಟಮ್) ಹಾಕ್ಕೊಳ್ಳಿ, ಬರೋ ಮಿಸೈಲನ್ನ ಗಾಳಿಯಲ್ಲೇ ಒಡೆಯುತ್ತೆ. ಮಿಸೈಲ್ ಬರ್ತಿದೆ ಅನ್ನೋ ವಾರ್ನಿಂಗ್ ಬಂದ ತಕ್ಷಣ, ಜೂನ್ ಮಳೆಗೆ ಸ್ಟೇಷನ್ ಶೆಡ್ ಕೆಳಗೆ ಸರೀತೀವಲ್ಲ ಹಾಗೆ, ಎತ್ತರದ ಬಿಲ್ಡಿಂಗ್ ಪಕ್ಕಕ್ಕೆ ಒತ್ಕೊಳ್ಳಿ. ಮೊನ್ನೆ ನಾನು ಹಾಗೇ ನಿಂತಿದ್ದೆ, ಅಷ್ಟೂ ಮಿಸೈಲು ಗೋಡೆಗೇ ಬಡೀತು.